ಬೀರುವಿನಿಂದ ಕೈಗೆ: ಸೀರೆ ತುಂಡು, ಗಜ್ಜುಗ, ಹಳೇ ವಾಚು

ನಮ್ಮ ಕಡೆಯ ಮನೆಗಳಲ್ಲಿ ಪ್ರೀತಿಯ ವಸ್ತುಗಳಿಗೆ ಕೊರತೆಯಿಲ್ಲ. ದಾವಣಗೆರೆಯ ಯಾವುದೇ ಹಳೇ ಮನೆಯ ಬೀರು ತೆಗೆದು ನೋಡಿ, ಅಜ್ಜಿಯ ಮೊಳಕಾಲ್ಮೂರು ಸೀರೆ, ಅಪ್ಪನ ಎಚ್‌ಎಂಟಿ ವಾಚು, ನೀಲಿ ಇನ್‌ಲ್ಯಾಂಡ್ ಪತ್ರಗಳ ಒಂದು ಕಟ್ಟು ಸಿಕ್ಕೇ ಸಿಗುತ್ತವೆ. ಚಿತ್ರದುರ್ಗದ ಕಡೆ ಹೋದರೆ ಟ್ರಂಕಿನ ತಳದಲ್ಲಿ ಚಳ್ಳಕೆರೆಯ ಕರಿ ಕಂಬಳಿ ಇರುತ್ತದೆ. 1997ರವರೆಗೆ ಎರಡೂ ಒಂದೇ ಜಿಲ್ಲೆ ನೋಡಿ, ಟ್ರಂಕಿನೊಳಗಿನ ಸಾಮಾನೂ ಹೆಚ್ಚುಕಮ್ಮಿ ಒಂದೇ. ಎಲ್ಲವೂ ಜೋಪಾನವಾಗಿದೆ. ಆದರೆ ಬೇಕಾದ ಹೊತ್ತಿಗೆ ಯಾರ ಕೈಗೂ ಸಿಗುವುದಿಲ್ಲ. ಮಗಳು ನೀಟ್ ಪರೀಕ್ಷೆಗೆ ಓದುತ್ತ ಹಾಸ್ಟೆಲ್ಲಿನಲ್ಲಿ ನಿದ್ದೆಗೆಟ್ಟಿರುತ್ತಾಳೆ, ಅಣ್ಣ ಐಸಿಯು ಹೊರಗಿನ ಬೆಂಚಿನ ಮೇಲೆ ರಾತ್ರಿ ಕಳೆಯುತ್ತಿರುತ್ತಾನೆ. ಅವರಿಗೆ ಒಂದಿಷ್ಟು ಧೈರ್ಯ ಕೊಡಬಹುದಾಗಿದ್ದ ವಸ್ತು ಮಾತ್ರ ಬೀಗದೊಳಗೆ ನುಸಿಗುಳಿಗೆಯ ಜೊತೆ ಮಲಗಿರುತ್ತದೆ.

ಅದನ್ನು ಹಾಗೇ ಎತ್ತಿ ಬ್ಯಾಗಿಗೆ ಹಾಕಿಕೊಂಡರೂ ಸರಿಹೋಗುವುದಿಲ್ಲ. ಬಳಸಿದ್ದು ಸವೆಯುತ್ತದೆ, ಕಳೆದುಹೋಗುತ್ತದೆ, ಬೆವರು ಹಿಡಿಯುತ್ತದೆ. ಕಳೆದೀತೆಂಬ ಭಯ ಸೇರಿಕೊಂಡರೆ ಸಮಾಧಾನಕ್ಕೆ ತಂದದ್ದೇ ಇನ್ನೊಂದು ಚಿಂತೆಯಾಗುತ್ತದೆ. ಅದಕ್ಕೆ ದಾರಿ ಒಂದೇ: ಪ್ರತಿ ಪ್ರೀತಿಯ ವಸ್ತುವನ್ನೂ ಎರಡು ಪಾಲು ಮಾಡಬೇಕು, ಒಂದು ಬಳಕೆಗೆ, ಒಂದು ಜೋಪಾನಕ್ಕೆ. ಪಾಲು ಮಾಡಲು ಬಾರದ ವಸ್ತುವಾದರೆ ಅದರ ನಕಲನ್ನೋ ಜೊತೆಯ ಇನ್ನೊಂದು ವಸ್ತುವನ್ನೋ ಬಳಕೆಗೆ ಇಡಬೇಕು. ಮುಂದೆ ಬರೆದಿರುವುದೆಲ್ಲ ಇದನ್ನು ಮಾಡುವ ಬಗೆ.

ಒಂದು ಬಟ್ಟೆಯ ತುಂಡಿಗೆ ಅಷ್ಟು ಶಕ್ತಿ ಎಲ್ಲಿಂದ ಬರುತ್ತದೆ ಎಂದು ಕೇಳುವವರಿದ್ದಾರೆ. ಒತ್ತಡ ಬಂದಾಗ ಮೈಯಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಏರುತ್ತವೆ, ಎದೆ ಹೊಡೆದುಕೊಳ್ಳುತ್ತದೆ, ಉಸಿರು ಮೇಲುಮೇಲಕ್ಕೇ ಆಡುತ್ತದೆ, ಮನಸ್ಸು ಮುಂದಾಗಬಹುದಾದ ಕೆಡುಕನ್ನೇ ಎಣಿಸುತ್ತ ಕೂರುತ್ತದೆ. ಬೆರಳ ತುದಿಯಲ್ಲಿ ಸ್ಪರ್ಶದ ನರಗಳು ಬಹಳ ಒತ್ತಾಗಿವೆ. ಅಲ್ಲಿ ಪರಿಚಯದ ಒಂದು ಮೇಲ್ಮೈ ಸಿಕ್ಕರೆ ಗಮನ ಆ ಎಣಿಕೆಯನ್ನು ಬಿಟ್ಟು ಕೈಗೆ ಇಳಿಯುತ್ತದೆ. ಅದರ ಜೊತೆಗೆ ಉಸಿರು ಬಿಡುವುದನ್ನು ಎಳೆದುಕೊಳ್ಳುವುದಕ್ಕಿಂತ ಉದ್ದ ಮಾಡಿದರೆ ಎದೆಬಡಿತ ಇಳಿಯುತ್ತದೆ. ವಾಸನೆಯ ಬಲ ಇನ್ನೂ ಹೆಚ್ಚು. ನೋಟ, ಸದ್ದು, ಸ್ಪರ್ಶ ಮೂರೂ ಮಿದುಳಿನ ಥಾಲಮಸ್ ಎಂಬ ಕಟ್ಟೆಯನ್ನು ಹಾದು ಬರಬೇಕು. ವಾಸನೆ ಮಾತ್ರ ಭಾವನೆ ಮತ್ತು ನೆನಪಿನ ಭಾಗಗಳನ್ನು ನೇರವಾಗಿ ಮುಟ್ಟುತ್ತದೆ. ಅಜ್ಜಿಯ ಸೀರೆ ಮೂಗಿಗೆ ಹಿಡಿದೊಡನೆ ಮಾತಿಗೆ ಮೊದಲೇ ಕಣ್ಣು ತುಂಬುವುದು ಇದಕ್ಕೇ.

ಬ್ರಿಟನ್ನಿನ ಮಕ್ಕಳ ವೈದ್ಯ, ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್ 1951ರಲ್ಲಿ ಮಂಡಿಸಿ 1953ರಲ್ಲಿ ಅಚ್ಚು ಮಾಡಿಸಿದ ಒಂದು ಪ್ರಬಂಧದಲ್ಲಿ, ಮಕ್ಕಳು ಬಿಡದೆ ಹಿಡಿದುಕೊಳ್ಳುವ ಬಟ್ಟೆ, ಗೊಂಬೆಗಳ ಬಗ್ಗೆ ಬರೆದರು. ಅದರಲ್ಲಿ ನನಗೆ ಬಹಳ ಮುಖ್ಯವೆನಿಸುವ ಮಾತೊಂದಿದೆ: ಆ ಬಟ್ಟೆ ಕೊಳೆಯಾದರೂ ನಾತ ಬಂದರೂ ತಾಯಿ ತೊಳೆಯಲು ಹೋಗುವುದಿಲ್ಲ, ತೊಳೆದರೆ ಮಗುವಿನ ಅನುಭವದ ಎಳೆ ಕಡಿದುಹೋಗುತ್ತದೆಂದು ಅವಳಿಗೆ ಗೊತ್ತಿರುತ್ತದೆ ಎಂದು. ದೊಡ್ಡವರ ವಿಷಯದಲ್ಲೂ ಇದು ನಿಜ. ಬಟ್ಟೆ ತೊಳೆಯುವ ಪ್ರಶ್ನೆಗೆ ಮುಂದೆ ಬರುತ್ತೇನೆ.

ಮೊದಲು ಆಯ್ಕೆ. ಬಳಕೆಗೆಂದು ಆರಿಸುವ ವಸ್ತು ಅಂಗೈಯಲ್ಲಿ ಅಡಗಬೇಕು. ಮುಟ್ಟಿದರೆ ಕಣ್ಣು ಮುಚ್ಚಿದ್ದರೂ ಗುರುತು ಸಿಗುವಂಥ ಒಂದು ಅಂಚು, ಗಂಟು ಅಥವಾ ನುಣುಪು ಅದಕ್ಕಿರಬೇಕು. ನಾಲ್ಕು ಜನರ ನಡುವೆ ಹಿಡಿದರೆ ಸದ್ದಾಗಬಾರದು. ಬೆಲೆ ಬಾಳುವುದಾಗಿರಬಾರದು, ಚಿನ್ನದ ಉಂಗುರ ಎಷ್ಟೇ ಪ್ರೀತಿಯದಾದರೂ ಬಸ್‌ಸ್ಟ್ಯಾಂಡಿನಲ್ಲಿ ಮನಸ್ಸು ಅದರ ಕಾವಲಿಗೇ ಹೋಗುತ್ತದೆ.

ಗಜ್ಜುಗ ಇದಕ್ಕೆ ಬಲು ಒಳ್ಳೆಯದು. ಬೂದು ಬಣ್ಣದ ಗಟ್ಟಿ ಬೀಜ, ನುಣುಪು, ಕೈಯಲ್ಲಿ ಸ್ವಲ್ಪ ಹೊತ್ತಿಗೇ ಬೆಚ್ಚಗಾಗುತ್ತದೆ, ಬೆವರಿಗೆ ಕೆಡುವುದಿಲ್ಲ. ಚೌಕಾಬಾರ ಆಡಿದ ಕವಡೆ, ಹುಣಸೆ ಬೀಜವೂ ಆದೀತು. ಗುಲಗಂಜಿ ಮಾತ್ರ ಖಂಡಿತ ಬೇಡ. ಅಜ್ಜಿಯ ಡಬ್ಬಿಯಲ್ಲಿ ಇದ್ದದ್ದೆಂದು ಎಷ್ಟೋ ಮನೆಗಳಲ್ಲಿ ಇಟ್ಟುಕೊಂಡಿರುತ್ತಾರೆ. ಅದರೊಳಗೆ ಅಬ್ರಿನ್ ಎಂಬ ಕಡು ವಿಷವಿದೆ. ಮೇಲಿನ ಸಿಪ್ಪೆ ಗಟ್ಟಿಯಿರುವವರೆಗೆ ವಿಷ ಹೊರಬರುವುದು ಕಡಿಮೆ. ದಾರ ಪೋಣಿಸಲು ತೂತು ಮಾಡಿದ ಅಥವಾ ಬಿರುಕುಬಿಟ್ಟ ಬೀಜವನ್ನು ಮಗು ಅಗಿದರೆ ಪ್ರಾಣಕ್ಕೇ ಸಂಚಕಾರ. ಇನ್ನೊಂದು ಮಾತು, ದುರ್ಗದ ಕೋಟೆಯಿಂದ ನೆನಪಿಗೆಂದು ಕಲ್ಲಿನ ಚೂರು ಎತ್ತಿಕೊಂಡು ಬರಬೇಡಿ. ಅದು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಜಾಗ. ಸ್ವಂತ ಹೊಲದ, ಊರ ಹಳ್ಳದ ಉರುಟುಗಲ್ಲು ಅದಕ್ಕಿಂತ ಹೆಚ್ಚು ಮಾತಾಡುತ್ತದೆ.

ದಾವಣಗೆರೆಯಲ್ಲಿ ಹತ್ತಿ ಗಿರಣಿಯಲ್ಲಿ ದುಡಿದವರ ಮನೆಗಳಿದ್ದಾವಲ್ಲ, ಕೆಲವರ ಬಳಿ ನೂಲು ಸುತ್ತುವ ಮರದ ಬಾಬಿನ್ನು, ಮಗ್ಗದಲ್ಲಿ ಅಡ್ಡನೂಲು ಒಯ್ಯುವ ಲಾಳಿ ಇನ್ನೂ ಉಳಿದಿವೆ. ಲಾಳಿ ಜೇಬಿಗೆ ಒಗ್ಗದು, ಎರಡು ತುದಿಗೂ ಉಕ್ಕಿನ ಮೊನೆ. ಬಾಬಿನ್ನು ಓದುವ ಮೇಜಿನ ಮೇಲೆ ಇಡಲು ಚೆನ್ನ. ಅಪ್ಪನೋ ತಾತನೋ ವರ್ಷಗಟ್ಟಲೆ ಹಿಡಿದು ನುಣುಪಾದ ಮರವದು, ಹೊಸದಾಗಿ ಕೊಂಡು ತರಲು ಸಿಗುವಂಥದ್ದಲ್ಲ. ಒಣಗಿದೆಯೆಂದು ಕಡ್ಲೆಕಾಯಿ ಎಣ್ಣೆ ಸವರಬೇಡಿ. ಎಣ್ಣೆಗೇನೂ ನಮ್ಮ ಕಡೆ ಬರವಿಲ್ಲ, ಆದರೆ ಅದು ಮರದ ಮೇಲೆ ಒಣಗುವುದಿಲ್ಲ. ಕೆಲವು ದಿನಕ್ಕೆ ಅಂಟಂಟಾಗಿ ಧೂಳು ಹಿಡಿದು ಕಮಟು ವಾಸನೆ ಬರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಕಡಲೆಕಾಳಿನಷ್ಟು ಜೇನುಮೇಣ ತಿಕ್ಕಿ, ಮತ್ತೆ ಒರೆಸಿದರೆ ಸಾಕು.

ಎಚ್‌ಎಂಟಿ ವಾಚಿನ ಮಾತು ಬೇರೆ. ಜನತಾದಂಥ ಕೀ ಕೊಡುವ ವಾಚಿನಲ್ಲಿ ಸಮಾಧಾನ ಇರುವುದು ಟಿಕ್‌ಟಿಕ್ ಸದ್ದಿನಲ್ಲಿ, ದಿನವೂ ಒಂದೇ ಹೊತ್ತಿಗೆ ಕೀ ಕೊಡುವ ಕೆಲಸದಲ್ಲಿ. ಹತ್ತಾರು ವರ್ಷ ಬೀರುವಿನಲ್ಲಿ ಬಿದ್ದಿದ್ದರೆ ತೆಗೆದ ಕೂಡಲೇ ಕೀ ಕೊಟ್ಟು ಓಡಿಸಬೇಡಿ. ಒಳಗಿನ ಎಣ್ಣೆ ಗಟ್ಟಿಯಾಗಿರುತ್ತದೆ, ಆ ಸ್ಥಿತಿಯಲ್ಲಿ ಓಡಿದರೆ ಹಲ್ಲುಚಕ್ರದ ಮೊಳೆಗಳು ಸವೆಯುತ್ತವೆ. ಹಳೇ ವಾಚು ರಿಪೇರಿ ಬಲ್ಲವರ ಹತ್ತಿರ ಬಿಚ್ಚಿಸಿ ಸರ್ವಿಸ್ ಮಾಡಿಸಿ. ಡಯಲ್ ಹೊಸದು ಹಾಕಬೇಡಿ, ಇದ್ದದ್ದೇ ಇರಲಿ ಎಂದು ಮೊದಲೇ ಹೇಳಿ. ಇಲ್ಲದಿದ್ದರೆ ಅಪ್ಪ ನೋಡುತ್ತಿದ್ದ ಮುಖವೇ ಹೋಗಿ ಹೊಳೆಯುವ ಇನ್ನೊಂದು ಬಂದಿರುತ್ತದೆ. ಎಚ್‌ಎಂಟಿ ವಾಚು ಕಂಪನಿ ಮುಚ್ಚಲು 2016ರಲ್ಲೇ ತೀರ್ಮಾನವಾಯಿತು, ಬಿಡಿಭಾಗ ಹಳೇ ವಾಚುಗಳಿಂದಲೇ ಬರಬೇಕು, ಆದ್ದರಿಂದ ಮನೆಯಲ್ಲಿ ಕೆಟ್ಟ ಎಚ್‌ಎಂಟಿ ಇದ್ದರೆ ಅದನ್ನೂ ಎಸೆಯಬೇಡಿ. ಕೀ ತಿರುಗಿಸುವಾಗ ಬಿಗಿ ಬಂದ ಕೂಡಲೇ ನಿಲ್ಲಿಸಬೇಕು. ಮಳೆಯಲ್ಲಿ, ಬೆವರಿನ ಕೈಗೆ ಕಟ್ಟಬಾರದು. ಹಳೇ ರಬ್ಬರ್ ರಿಂಗು ಗಟ್ಟಿಯಾಗಿ ನೀರು ತಡೆಯುವ ಶಕ್ತಿ ಕಳೆದುಕೊಂಡಿರುತ್ತದೆ.

ಆದರೂ ನನ್ನನ್ನು ಕೇಳಿದರೆ ಮೊದಲ ಸ್ಥಾನ ಸೀರೆ ತುಂಡಿಗೆ. ನಮ್ಮ ಸೀಮೆಯಲ್ಲಿ ಹಳೇ ಸೀರೆ ಹರಿದು ಕೌದಿಗೆ ಸೇರುವುದು ಹಿಂದಿನಿಂದ ಬಂದ ರೂಢಿ. ಸತ್ತವರ ಸೀರೆ, ಮದುವೆಯಾಗಿ ಹೋದವಳ ಲಂಗ, ಎಲ್ಲ ಒಂದೇ ಹೊದಿಕೆಯಲ್ಲಿ ಕೂಡುತ್ತವೆ, ಮಕ್ಕಳು ಅದರಡಿ ಮಲಗುತ್ತವೆ. ಅದೇ ಕೌದಿಯನ್ನು ಅಂಗೈ ಅಳತೆಗೆ ಇಳಿಸಿ ಹೊಲಿದರೆ ಜೇಬಿಗೆ ಬರುತ್ತದೆ.

ಸೀರೆಗೆ ಕತ್ತರಿ ಹಾಕುವ ಮುಂಚೆ ಮನೆಯವರನ್ನೆಲ್ಲ ಕೇಳಿ, ಅಕ್ಕತಂಗಿಯರನ್ನು ಮುಖ್ಯವಾಗಿ. "ಅವ್ವನ ಸೀರೆ ಅದು, ನನ್ನ ಒಂದ್ ಮಾತು ಕೇಳ್ದೆ ಹೆಂಗ್ ಕತ್ತರಿಸ್ದೆ?" ಎಂಬ ಮಾತು ಒಮ್ಮೆ ಬಂದರೆ ಆ ತುಂಡು ಹಿಡಿದಾಗಲೆಲ್ಲ ಅದೇ ನೆನಪಾಗುತ್ತದೆ. ಒಪ್ಪಿಗೆ ಸಿಕ್ಕ ಮೇಲೆ ಸೀರೆ ಪೂರ್ತಿ ಹಾಳು ಮಾಡುವ ಅಗತ್ಯವಿಲ್ಲ. ಸೊಂಟಕ್ಕೆ ಸಿಕ್ಕಿಸುವ ಒಳತುದಿಯಿಂದ 14 ಸೆಂ.ಮೀ. ಅಗಲದ ಒಂದು ಪಟ್ಟಿ ತೆಗೆಯಿರಿ. ಸೀರೆಯ ಪನ್ನ, ಅಂದರೆ ಅಂಚಿನಿಂದ ಅಂಚಿಗೆ ಅಗಲ, ಸುಮಾರು 115 ಸೆಂ.ಮೀ. ಇರುವುದರಿಂದ ಆ ಒಂದೇ ಪಟ್ಟಿಯಲ್ಲಿ 12 ಸೆಂ.ಮೀ.ನಂತೆ 9 ತುಂಡು ಬರುತ್ತವೆ, ಮಕ್ಕಳು ಮೊಮ್ಮಕ್ಕಳಿಗೆ ಸಾಕು. ಒಳತುದಿ ಬಿಸಿಲು ಕಾಣದ ಭಾಗ, ಬಣ್ಣ ಅಷ್ಟಾಗಿ ಮಾಸಿರುವುದಿಲ್ಲ. ಉಳಿದ ಸೀರೆಯ ಅಂಚು ಮಡಿಚಿ ಹೊಲಿದುಬಿಟ್ಟರೆ ಎಳೆ ಬಿಚ್ಚಿಕೊಳ್ಳದು, ಉಡಲೂ ಬರುತ್ತದೆ.

ಬಟ್ಟೆ ತಡೆಯುತ್ತದೆಯೇ ಎಂದು ನೋಡಲು ಕಿಟಕಿಯ ಬೆಳಕಿಗೆ ಹಿಡಿಯಿರಿ. ಎಳೆ ತೆಳ್ಳಗಾದ ಕಡೆ ಬೆಳಕು ಜಾಸ್ತಿ ತೂರುತ್ತದೆ. ಆಮೇಲೆ ಎರಡು ಕೈಯಲ್ಲಿ ಹಿಡಿದು ಅಡ್ಡಕ್ಕೆ ಮೆಲ್ಲಗೆ ಎಳೆಯಿರಿ. ಟಿಕ್ ಟಿಕ್ ಎಂದು ಸಣ್ಣ ಸದ್ದು ಬಂತೆಂದರೆ ಎಳೆ ಕಡಿಯುತ್ತಿದೆ. ಅಂಥ ಬಟ್ಟೆಗೆ ಹಿಂದೆ ಮಲ್‌ಮಲ್ ಬಟ್ಟೆಯ ಆಸರೆ ಕೊಡಬೇಕು. ಅಂಗಡಿಯಲ್ಲಿ ಹರಿಯುವಂತೆ ಚರ್‍ರನೆ ಹರಿಯಬೇಡಿ, ಹಳೇ ಬಟ್ಟೆ ನೆಟ್ಟಗೆ ಹರಿಯುವುದಿಲ್ಲ. ಹರಿತವಾದ ಕತ್ತರಿಯಲ್ಲೇ ಕತ್ತರಿಸಿ.

ಒಂದು ಕಿರುಕೌದಿಗೆ ನಾಲ್ಕು ಪದರ ಬೇಕು: ಮೇಲೆ ಆ ಸೀರೆ, ನಡುವೆ ತೊಳೆದು ತೊಳೆದು ಮೆತ್ತಗಾದ ಪಂಚೆಯ ಎರಡು ಪದರ, ಕೆಳಗೆ ಇನ್ನೊಬ್ಬರ ಬಟ್ಟೆ. ಅವ್ವನ ಸೀರೆಗೆ ಅಪ್ಪನ ಅಂಗಿ ಕೆಳಪದರವಾದರೆ ಚೆಂದ. ನಾಲ್ಕೂ 14ಕ್ಕೆ 12 ಸೆಂ.ಮೀ. ಕತ್ತರಿಸಿ. ಸುತ್ತ 1 ಸೆಂ.ಮೀ. ಒಳಕ್ಕೆ ಮಡಿಚಿದರೆ 12ಕ್ಕೆ 10 ಸೆಂ.ಮೀ.ನ ತುಂಡು ಉಳಿಯುತ್ತದೆ. ನಡುವಿನ ಎರಡು ಪದರವನ್ನು ಮಾತ್ರ ಮಡಿಚಬೇಡಿ, ಮಡಿಕೆಯ ಗೆರೆಗೇ ಕತ್ತರಿಸಿಬಿಡಿ, ಇಲ್ಲವಾದರೆ ಅಂಚು ದಪ್ಪವಾಗಿ ಸೂಜಿ ಹೋಗದು. ಮೊದಲು ಉದ್ದ ಕಚ್ಚಾ ಹೊಲಿಗೆ ಹಾಕಿ ಪದರ ಜರುಗದಂತೆ ಮಾಡಿಕೊಳ್ಳಿ. ಆಮೇಲೆ ನಡುವಿನಿಂದ ಹೊರಕ್ಕೆ ಸಾಲು ಸಾಲಾಗಿ ಹೊಲಿಯಿರಿ, ಹೊಲಿಗೆ 5ರಿಂದ 6 ಮಿ.ಮೀ., ಸಾಲಿನಿಂದ ಸಾಲಿಗೆ 1 ಸೆಂ.ಮೀ. ಇಷ್ಟು ಸಣ್ಣ ತುಂಡಿಗೆ ಅಂಚಿನಿಂದ ಶುರುಮಾಡಿದರೆ ನಡುವೆ ಬಟ್ಟೆ ಉಬ್ಬಿ ಸುಕ್ಕು ಬೀಳುತ್ತದೆ.

ದಾರ ಹತ್ತಿಯದೇ ಇರಲಿ. ಪಾಲಿಯೆಸ್ಟರ್ ದಾರ ಬಟ್ಟೆಗಿಂತ ಗಟ್ಟಿ, ಉಜ್ಜಿ ಉಜ್ಜಿ ಹಳೇ ಬಟ್ಟೆಯನ್ನೇ ಕತ್ತರಿಸುತ್ತದೆ. ಕಸೂತಿ ದಾರದ ಆರು ಎಳೆಯಲ್ಲಿ ಎರಡು ಎಳೆ ಸಾಕು. ಸೂಜಿ ಸಣ್ಣದಿರಲಿ, ದಬ್ಬಳದಂಥದ್ದು ತೂತು ಉಳಿಸುತ್ತದೆ. ದಾರದ ಗಂಟು ಪದರಗಳ ನಡುವೆ ಅಡಗಬೇಕು. ಟೈಲರ್ ಹತ್ತಿರ ಮಷೀನಿನಲ್ಲಿ ಹಾಕಿಸಬಹುದಲ್ಲ ಎನ್ನಬಹುದು. ಮಷೀನಿನ ಒತ್ತು ಹೊಲಿಗೆಯಿಂದ ತುಂಡು ರಟ್ಟಿನಂತಾಗುತ್ತದೆ. ಕೈಹೊಲಿಗೆಯ ಏರುತಗ್ಗೇ ಬೆರಳಿಗೆ ಬೇಕಾದದ್ದು. ಕೊನೆಗೆ ಒಂದೇ ಒಂದು ಮೂಲೆಗೆ ಸೀರೆಯ ಅಂಚಿನ ಚೂರನ್ನು ಮಡಿಚಿ ಹೊಲಿಯಿರಿ ಅಥವಾ ಕಡಲೆ ಗಾತ್ರದ ಗಂಟು ಹಾಕಿ. ಕತ್ತಲಲ್ಲಿ, ಜೇಬಿನೊಳಗೆ, ಹೆಬ್ಬೆರಳು ಹುಡುಕುವುದು ಆ ಮೂಲೆಯನ್ನೇ. ಉಸಿರಿನ ಎಣಿಕೆ ಶುರುವಾಗುವುದೂ ಅಲ್ಲಿಂದಲೇ.

ರೇಷ್ಮೆಗೆ ಈ ಲೆಕ್ಕ ನಡೆಯುವುದಿಲ್ಲ. ಹಳೇ ಮೊಳಕಾಲ್ಮೂರು ಸೀರೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ, ಜರಿ ಬೆವರಿಗೆ ಕಪ್ಪಾಗುತ್ತದೆ, ಬೆರಳಿಗೆ ಗೀರುತ್ತದೆ. ಅದು ಜೋಪಾನದ ಪಾಲಿಗೇ ಇರಲಿ: ಗಂಜಿ ಹಾಕದ, ಒಗೆದು ಒಣಗಿಸಿದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಮೂರು ನಾಲ್ಕು ತಿಂಗಳಿಗೊಮ್ಮೆ ತೆಗೆದು ಮಡಿಕೆ ಬದಲಿಸಿ. ಪ್ಲಾಸ್ಟಿಕ್ ಕವರು ಬೇಡ, ಒಳಗೆ ತೇವ ನಿಲ್ಲುತ್ತದೆ. ನುಸಿಗುಳಿಗೆ ಜರಿಗೆ ತಾಗಲೇಬಾರದು.

ಇನ್ನು ವಾಸನೆ. ಎಲ್ಲಕ್ಕಿಂತ ಬೇಗ ಕಳೆದುಹೋಗುವುದು ಇದೇ, ಜನ ಎಚ್ಚರ ತಪ್ಪುವುದೂ ಇಲ್ಲೇ. ತೀರಿಕೊಂಡವರ ಬಟ್ಟೆಯನ್ನೆಲ್ಲ ಹದಿಮೂರು ದಿನದೊಳಗೆ ಒಗೆದು ಹಂಚಿಬಿಡುವ ಮನೆಗಳಿವೆ. ಹಂಚಿ, ತಪ್ಪಿಲ್ಲ. ಒಗೆಯುವ ಮೊದಲು ಒಂದು ತಲೆವಸ್ತ್ರ, ಒಂದು ಕುಪ್ಪಸ, ಒಂದು ಟವೆಲ್, ಯಾವುದಾದರೂ ಒಂದನ್ನು ಎತ್ತಿಡಿ. ತೇವ ಇದ್ದರೆ ನೆರಳಲ್ಲಿ ಪೂರ್ತಿ ಒಣಗಿಸಿ. ಬಿಸಿಲಿಗೆ ಹಾಕಿದರೆ ವಾಸನೆ ಹಾರುತ್ತದೆ, ಒಣಗಿಸದೆ ಮುಚ್ಚಿದರೆ ಬೂಸಲು ಬರುತ್ತದೆ. ಒಣಗಿದ ಮೇಲೆ ಅಗಲ ಬಾಯಿಯ ಗಾಜಿನ ಭರಣಿಗೆ ಹಾಕಿ ಮುಚ್ಚಳ ಬಿಗಿ ಮಾಡಿ. ಉಪ್ಪಿನಕಾಯಿ, ಮಸಾಲೆ ಇದ್ದ ಡಬ್ಬಿ ಎಷ್ಟು ತೊಳೆದರೂ ಬೇಡ. ಊದಿನಕಡ್ಡಿ, ನುಸಿಗುಳಿಗೆ ಹತ್ತಿರ ಸುಳಿಯಬಾರದು. ಕತ್ತಲಿರುವ, ತಂಪಿರುವ ಕಡೆ ಇಡಿ. ನಮ್ಮಲ್ಲಿ ಏಪ್ರಿಲ್ ತಿಂಗಳ ಬಿಸಿಲು 38 ಡಿಗ್ರಿ ಮುಟ್ಟಿದಾಗ ಆರ್‌ಸಿಸಿ ಮನೆಯ ಮೇಲಿನ ಸಜ್ಜೆ ಒಲೆಯಾಗುತ್ತದೆ, ಅಲ್ಲಿ ಮಾತ್ರ ಬೇಡ, ಕೆಳಗಿನ ಕಪಾಟೇ ಸರಿ.

ಭರಣಿ ತೆಗೆದಾಗ ನಾಲ್ಕೈದು ಸಲ ಮೂಸಿ ಮುಚ್ಚಿಬಿಡಿ. ಮೂಗು ಯಾವುದೇ ವಾಸನೆಗೂ ಕೆಲವೇ ನಿಮಿಷದಲ್ಲಿ ಒಗ್ಗಿಹೋಗುತ್ತದೆ. "ಅಯ್ಯೋ, ಅವ್ವನ ವಾಸನೆ ಹೋಗೇಬಿಡ್ತು" ಎಂದು ಅಳುವವರಲ್ಲಿ ಎಷ್ಟೋ ಜನಕ್ಕೆ ಆಗಿರುವುದು ಇದೇ. ವಾಸನೆ ಹೋಗಿಲ್ಲ, ಮೂಗು ದಣಿದಿದೆ. ಮುಚ್ಚಿಟ್ಟು, ಹೊರಗೆ ಓಡಾಡಿ ಬಂದು ಆಮೇಲೆ ಮೂಸಿದರೆ ಮತ್ತೆ ಸಿಗುತ್ತದೆ. ನಿಜವಾಗಿಯೂ ಹೋಗಿದ್ದರೆ ಒಂದು ದಾರಿಯಿದೆ. ಮನುಷ್ಯರ ವಾಸನೆಯಲ್ಲಿ ಬಹುಪಾಲು ಅವರು ಬಳಸುತ್ತಿದ್ದ ಪದಾರ್ಥಗಳದ್ದೇ: ಅದೇ ಕಂಪನಿಯ ಸೋಪು, ಅದೇ ತಲೆಗೆಣ್ಣೆ, ವಿಭೂತಿ, ಎಲೆ ಅಡಿಕೆ, ಸಂದೂಕದ ಕರ್ಪೂರ. ಎರಡು ಮೂರನ್ನು ಹತ್ತಿ ಉಂಡೆಗೆ ಒಂದೊಂದು ಹನಿ, ಒಂದೊಂದು ಚಿಟಿಕೆ ಹಾಕಿ ಭರಣಿಯಲ್ಲಿಟ್ಟು ನೋಡಿ. ಬಟ್ಟೆಗೇ ಎಣ್ಣೆ ಹಾಕಬೇಡಿ, ಹಳದಿ ಕಲೆಯಾಗಿ ಕಮಟುತ್ತದೆ.

ಹೀಗಾಗಿ ವಾಸನೆಯ ಬಟ್ಟೆ ಮತ್ತು ಜೇಬಿನ ಕಿರುಕೌದಿ ಒಂದೇ ಆಗಬಾರದು. ವಾಸನೆಯದು ಭರಣಿ ಬಿಟ್ಟು ಹೊರಡುವುದಿಲ್ಲ, ಒಗೆಯುವುದೂ ಇಲ್ಲ. ಕಿರುಕೌದಿ ಊರೆಲ್ಲ ಸುತ್ತುತ್ತದೆ, ಕೊಳೆಯಾಗುತ್ತದೆ, ಒಗೆಸಿಕೊಳ್ಳುತ್ತದೆ.

ಕಂಬಳಿಗೆ ಶತ್ರು ನುಸಿ. ಉಣ್ಣೆಯನ್ನು ತಿನ್ನುವುದು ಹಾರಾಡುವ ಪತಂಗವಲ್ಲ, ಅದರ ಮರಿಹುಳ. ಕೈಮಗ್ಗದ ಕುರಿ ಕಂಬಳಿಯ ಹಾಸುನೂಲಿಗೆ, ಅಂದರೆ ಉದ್ದದ ಎಳೆಗಳಿಗೆ, ಹುಣಸೆ ಬೀಜದ ಗಂಜಿ ಹಾಕಿರುತ್ತಾರೆ, ಹೊಸದರಲ್ಲಿ ಸೆಟೆದು ನಿಲ್ಲುವುದು ಅದರಿಂದ. ಗಂಜಿ ಉಳಿದಿರುವ ಕಂಬಳಿ ಹುಳಕ್ಕೆ ಇನ್ನೂ ರುಚಿ. ತಿಂಗಳಿಗೊಮ್ಮೆ ಮೂರು ನಾಲ್ಕು ತಾಸು ಬಿಸಿಲಿಗೆ ಹಾಕಿ, ಕೊಡವಿ, ಮಡಿಕೆಗಳನ್ನು ಬ್ರಷ್ಷಿನಲ್ಲಿ ಉಜ್ಜಿದರೆ ಮೊಟ್ಟೆ ಉದುರುತ್ತದೆ. ಅಂಗೈಯಗಲದ ತುಂಡಾದರೆ ಗಾಳಿ ಒತ್ತಿ ತೆಗೆದ ಜಿಪ್ ಕವರಿನಲ್ಲಿ ಹಾಕಿ ಫ್ರಿಜ್ಜಿನ ಫ್ರೀಜರಿನಲ್ಲಿ ಎರಡು ವಾರ ಇಟ್ಟರೂ ಆಗುತ್ತದೆ. ಕತ್ತರಿಸಿದ ಅಂಚಿಗೆ ಸುತ್ತುಹೊಲಿಗೆ ಹಾಕದಿದ್ದರೆ ಒಂದೇ ತಿಂಗಳಲ್ಲಿ ಎಳೆಗಳೇ ಉಳಿಯುತ್ತವೆ.

ಫೋಟೊ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಮೂಲ ಫೋಟೊವನ್ನು ಪರ್ಸಿನಲ್ಲಿ ಇಡಬೇಡಿ, ಲ್ಯಾಮಿನೇಶನ್ ಮಾಡಿಸಲೂ ಬೇಡಿ. ಬಿಸಿ ಲ್ಯಾಮಿನೇಶನ್ ಒಮ್ಮೆ ಕೂತರೆ ಬಿಡಿಸುವ ಮಾತೇ ಇಲ್ಲ. ಸ್ಟುಡಿಯೊದಲ್ಲಿ 600 ಡಿಪಿಐಗೆ ಸ್ಕ್ಯಾನ್ ಮಾಡಿಸಿ ಪಾಸ್‌ಪೋರ್ಟ್ ಅಳತೆಯ ಪ್ರತಿಗಳನ್ನು ತೆಗೆಸಿ, ಲ್ಯಾಮಿನೇಶನ್ ಆ ಪ್ರತಿಗಿರಲಿ. ಮೂಲ ಚಿತ್ರ ಚೌಕಟ್ಟಿನ ಗಾಜಿಗೆ ಅಂಟಿಕೊಂಡಿದ್ದರೆ ಕೀಳಬೇಡಿ, ಮುಖವೇ ಕಿತ್ತು ಬರುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ಪತ್ರಗಳೂ ಹಾಗೆಯೇ. ಮಡಿಕೆ ಹರಿದ ಕಡೆ ಸೆಲೊಟೇಪ್ ಹಚ್ಚಿದರೆ ಕೆಲವು ವರ್ಷಕ್ಕೆ ಟೇಪು ಉದುರಿ ಹಳದಿ ಅಂಟು ಕಾಗದಕ್ಕೆ ಇಳಿದಿರುತ್ತದೆ. ಬಿಡಿಸಿ, ಚಪ್ಪಟೆಯಾಗಿಟ್ಟು, ಜೆರಾಕ್ಸ್ ಪ್ರತಿಯನ್ನು ಜೊತೆಗೆ ಒಯ್ಯಿರಿ. ವಾಟ್ಸಾಪಿನಲ್ಲಿ ಬಂದ ಧ್ವನಿ ಸಂದೇಶ ಫೋನ್ ಬದಲಾದಾಗ ಹೋಗಿಬಿಡುವುದು ಸಾಮಾನ್ಯ. ಅಪ್ಪನ ದನಿಯಲ್ಲಿ "ಊಟ ಆತೇನವ್ವ" ಎಂಬ ಐದು ಸೆಕೆಂಡಿನ ಸಂದೇಶ ಇದ್ದರೆ ಇವತ್ತೇ ಇಮೇಲಿಗೊಂದು, ಪೆನ್‌ಡ್ರೈವಿಗೊಂದು ಪ್ರತಿ ಹಾಕಿ.

ವಸ್ತು ಸಿದ್ಧವಾದ ಮೇಲೆ ಕೈಗೆ ಕಲಿಸಬೇಕು. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ, ಆಮೇಲೆ ಏನೂ ಉಪಯೋಗವಾಗಲಿಲ್ಲ ಎನ್ನುತ್ತಾರೆ. ಗಾಬರಿಯಾದಾಗ ಮಾತ್ರ ಹಿಡಿದರೆ ಮೈ ಆ ವಸ್ತುವನ್ನು ಗಾಬರಿಯ ಜೊತೆಗೇ ಗಂಟು ಹಾಕಿಕೊಳ್ಳುತ್ತದೆ. ಮೊದಲು ನೆಮ್ಮದಿಯ ಹೊತ್ತಿಗೆ ಗಂಟು ಬೀಳಬೇಕು. ಎರಡು ಮೂರು ವಾರ, ದಿನವೂ ಸಂಜೆ ಕೈಕಾಲು ಮುಖ ತೊಳೆದು ಕೂತಾಗ ಹೀಗೆ ಮಾಡಿ: ಕಿರುಕೌದಿಯನ್ನು ಎಡಗೈಯಲ್ಲಿ ಹಿಡಿದು ಗಂಟಿರುವ ಮೂಲೆಗೆ ಹೆಬ್ಬೆರಳು ಇಡಿ. ನಾಲ್ಕು ಎಣಿಸುತ್ತ ಉಸಿರು ಎಳೆದುಕೊಳ್ಳಿ, ಆರು ಎಣಿಸುತ್ತ ಬಿಡಿ. ಮುಂದಿನ ಮೂಲೆಗೆ ಹೋಗಿ. ನಾಲ್ಕು ಮೂಲೆಗೆ ಒಂದು ಸುತ್ತು, ಐದು ಸುತ್ತಿಗೆ ಮೂರು ನಿಮಿಷದ ಮೇಲೆ ಸ್ವಲ್ಪ. ತಲೆ ಹಗುರವಾಗಿ ಸುತ್ತಿದಂತಾದರೆ ಉಸಿರನ್ನು ಜೋರಾಗಿ ಎಳೆಯುತ್ತಿದ್ದೀರಿ ಎಂದರ್ಥ. ಎಣಿಕೆ ಹಾಗೇ ಇರಲಿ, ಎಳೆಯುವುದು ಮೆಲ್ಲಗಿರಲಿ. ಗಜ್ಜುಗ ಹಿಡಿಯುವವರು ಮೂಲೆಯ ಬದಲು ಒಂದೊಂದು ಉಸಿರಿಗೆ ಒಂದು ಬೆರಳಿನಿಂದ ಇನ್ನೊಂದಕ್ಕೆ ಸರಿಸಿದರಾಯಿತು.

ನೀಟ್ ಪರೀಕ್ಷೆಯ ಕೇಂದ್ರದೊಳಗೆ ವಾಚು, ಉಂಗುರ, ಬಳೆ, ಪರ್ಸು ಯಾವುದನ್ನೂ ಬಿಡುವುದಿಲ್ಲ, ತಪಾಸಣೆ ಕಟ್ಟುನಿಟ್ಟು. ಬಟ್ಟೆ ತುಂಡನ್ನು ಒಳಗೊಯ್ಯುವ ಯೋಚನೆಯೇ ಬೇಡ, ಅನುಮಾನಕ್ಕೆ ಎಡೆಯಾಗುತ್ತದೆ. ಅದಕ್ಕೆ ಪರೀಕ್ಷೆಗೆ ಒಂದು ತಿಂಗಳಿರುವಾಗಲೇ ಇನ್ನೊಂದು ಹೆಜ್ಜೆ ಸೇರಿಸಿ. ಕೌದಿಯ ಐದು ಸುತ್ತು ಮುಗಿದ ಕೂಡಲೇ ಅದನ್ನು ಕೆಳಗಿಟ್ಟು, ಬರಿಗೈಯಲ್ಲಿ ಹೆಬ್ಬೆರಳನ್ನು ನಾಲ್ಕು ಬೆರಳ ತುದಿಗೆ ಒಂದೊಂದಾಗಿ ಮುಟ್ಟಿಸುತ್ತ ಅದೇ ಎಣಿಕೆಯ ಎರಡು ಸುತ್ತು ಮಾಡಿ. ನಾಲ್ಕು ಮೂಲೆ ನಾಲ್ಕು ಬೆರಳಿಗೆ ಬರುತ್ತದೆ. ಪರೀಕ್ಷೆಯ ದಿನ ಗೇಟಿನವರೆಗೆ ಕೌದಿ, ಅಲ್ಲಿ ಅಪ್ಪನ ಕೈಗೆ ಕೊಟ್ಟು ಒಳಗೆ ಹೋದ ಮೇಲೆ ಬೆರಳು.

ಆಸ್ಪತ್ರೆಗೆ ಒಯ್ಯುವ ತುಂಡು ಬೇರೆಯೇ ಇರಲಿ, ಹತ್ತಿಯದ್ದು, ಒಗೆಯಲು ಬರುವಂಥದ್ದು. ಜಿಪ್ ಕವರಿನಲ್ಲಿಡಿ, ರೋಗಿಯ ಹಾಸಿಗೆ, ಗಾಯದ ಪಟ್ಟಿಗೆ ತಾಗಿಸಬೇಡಿ, ಮನೆಗೆ ಬಂದ ಮೇಲೆ ಬಿಸಿನೀರು ಸೋಪಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಎಂಆರ್‌ಐ ಕೋಣೆಗೆ ಹೋಗುವ ಮುನ್ನ ಲೋಹದ್ದೆಲ್ಲ ಹೊರಗಿಡಬೇಕು, ತಾಯತ, ಕೀ, ವಾಚು ಸಮೇತ. ಐಸಿಯು ಒಳಗಿರುವವರಿಗೆ ಮನೆಯ ಚಿತ್ರ ಕಾಣಲೆಂದು ಆಸೆಯಿದ್ದರೆ ಲ್ಯಾಮಿನೇಶನ್ ಮಾಡಿಸಿದ ಪ್ರತಿಯನ್ನು ನರ್ಸಮ್ಮನ ಕೈಗೆ ಕೊಟ್ಟು ಕೇಳಿ. ಸ್ಯಾನಿಟೈಸರಿನಲ್ಲಿ ಒರೆಸಲು ಬರುವುದರಿಂದ ಒಪ್ಪುವ ಸಾಧ್ಯತೆ ಹೆಚ್ಚು. ಬೆಂಚಿನ ಮೇಲೆ ರಾತ್ರಿ ಕಳೆಯುವವರನ್ನು ಯಾರೂ ಕೇಳುವುದಿಲ್ಲ, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ: ಊಟದ ಡಬ್ಬಿ ಕಳಿಸುವಾಗ ಜೊತೆಗೆ ಆ ಸಣ್ಣ ಕವರನ್ನೂ ಕಳಿಸಿ.

ಇದು ತಿರುಗಿಬೀಳುವ ಸಂದರ್ಭಗಳೂ ಇವೆ. ಸಾವಿನ ಮೊದಲ ಕೆಲವು ವಾರ ಕೆಲವರಿಗೆ ಆ ವಸ್ತು ಕಂಡರೆ ಸಾಕು, ದುಃಖ ಉಕ್ಕಿ ಬರುತ್ತದೆ. ಬಲವಂತ ಮಾಡಬೇಡಿ, ಡಬ್ಬಿಗೆ ಹಾಕಿ ಹೆಸರು ಬರೆದು ಮೇಲಿಡಿ, ಅವರೇ ಕೇಳಿದಾಗ ಕೊಡಿ. ದಿನಕ್ಕೆ ಹತ್ತು ಸಲ ಜೇಬು ಮುಟ್ಟಿ ಇದೆಯೋ ಇಲ್ಲವೋ ನೋಡಿಕೊಳ್ಳುವಂತಾದರೆ ಅದು ಮೂಲ ವಸ್ತುವೇ ಆಗಿರಬೇಕು. ಅದನ್ನು ಬೀರುವಿಗೆ ಕಳಿಸಿ, ಪ್ರತಿಯನ್ನು ಹಿಡಿಯಿರಿ. ಮಗುವಿನ ಕೈಯಿಂದ ಬಟ್ಟೆ ಕಿತ್ತುಕೊಂಡು "ಇಷ್ಟು ದೊಡ್ಡವನಾದೆ, ಇನ್ನೂ ಇದ್ಯಾಕೋ" ಎನ್ನುವುದು ಯಾವ ಮನೆಯಲ್ಲೂ ಬೇಡ. ಹಳ್ಳಿಯಿಂದ ಮಗನ ಮನೆಗೆ ಬಂದ ವಯಸ್ಸಾದವರಿಗೆ ಹೊಸ ರಗ್ಗು ಕೊಡಿಸಿ ಹಳೇ ಕೌದಿ ಎಸೆಯುವುದೂ ಅಂಥದ್ದೇ. ಅವರ ಕೌದಿ, ಅವರ ತಂಬಿಗೆ ಅವರ ಜೊತೆಯೇ ಬರಲಿ. ಮರೆವಿನ ಕಾಯಿಲೆ ಇದ್ದವರಿಗಂತೂ ಹೊಸ ಜಾಗದಲ್ಲಿ ಗುರುತು ಹತ್ತುವ ವಸ್ತು ಅದೊಂದೇ ಇದ್ದೀತು.

ಕೌದಿ ತುಂಡು ಔಷಧಿಯಲ್ಲ. ಎರಡು ವಾರಕ್ಕೂ ಹೆಚ್ಚು ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಯಾವ ಕೆಲಸಕ್ಕೂ ಮನಸ್ಸು ಬಾರದಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ. ಬದುಕು ಸಾಕೆನ್ನುವ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ, ಹತ್ತಿರದವರಿಗೆ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿದ ಸೇವೆಯಿದು, ಇದರ ಮೇಲುಸ್ತುವಾರಿ ಬೆಂಗಳೂರಿನ ನಿಮ್ಹಾನ್ಸ್‌ನದು. ಕಿರುಕೌದಿಯ ಕವರಿನೊಳಗೆ ಈ ನಂಬರು ಬರೆದ ಚೀಟಿ ಇರಲಿ.

ಚೀಟಿಯ ಇನ್ನೊಂದು ಮಗ್ಗುಲಲ್ಲಿ ಪೆನ್ಸಿಲಿನಲ್ಲಿ ಯಾರ ಸೀರೆ, ಯಾವ ಊರಿನದು, ಯಾರು ಹೊಲಿದದ್ದು ಎಂದು ಬರೆಯಿರಿ. ಪೆನ್ಸಿಲಿನ ಬರಹ ಬೆವರಿಗೂ ಮಳೆಗೂ ಹರಡುವುದಿಲ್ಲ, ಪೆನ್ನಿನ ಮಸಿ ಬಟ್ಟೆಗೇ ಇಳಿದುಬಿಡುತ್ತದೆ. ಎಷ್ಟು ಎಚ್ಚರವಿದ್ದರೂ ಕೌದಿ ಒಂದು ದಿನ ಬಸ್ಸಿನಲ್ಲೋ ಹಾಸ್ಟೆಲ್ಲಿನಲ್ಲೋ ಕಳೆದೀತು. ಸೀರೆಯಿಂದ ತೆಗೆದ ಪಟ್ಟಿಯಲ್ಲಿ ಉಳಿದ ತುಂಡು ತೆಗೆದು ಇನ್ನೊಂದು ಹೊಲಿಯಿರಿ, ಅದೇ ಅಳತೆಗೆ, ಗಂಟೂ ಅದೇ ಮೂಲೆಗೆ. ಹೊಸ ತುಂಡು ಮೊದಲು ಕೈಗೆ ಬಿರುಸೆನಿಸುತ್ತದೆ. ಎರಡು ಸಲ ಒಗೆದು, ಒಂದು ವಾರ ಸಂಜೆಯ ಐದು ಸುತ್ತು ಮಾಡಿ, ಆಮೇಲೆ ಜೇಬಿಗೆ ಹಾಕಿಕೊಳ್ಳಿ.